ಹೃದಯಕೋಶದ ಭಾಗವತರು

ಯಕ್ಷಗಾನದ ಇಡೀ ರಾತ್ರಿಯ ಬಯಲಾಟವನ್ನೂ ಮಂಗಳೂರಿನ ಪುರಭವನದಲ್ಲಿ ಮೂರು ಗಂಟೆಯೊಳಗೆ ಮುಗಿಯುವ ಕಾಲಮಿತಿಯ ಆಟವನ್ನೂ ನೋಡಿದವರಿಗೆ ಎರಡು ಕಡೆಯೂ ಪ್ರಸಂಗದ ಪುಸ್ತಕ ಒಂದೇ ಎಂಬುದು ಗೊತ್ತಿರುತ್ತದೆ. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಟ್ಟು ಮುಂದಕ್ಕೆ ಹೋಗಬೇಕು ಎಂಬುದನ್ನು ತಾಳ ಹಿಡಿದು ಕುಳಿತ ಭಾಗವತರು ನಿರ್ಧರಿಸುತ್ತಾರೆ. ಜೀನುಗಳ ಕುರಿತು ನಮ್ಮಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಪುಸ್ತಕವನ್ನೇ ಹೊಗಳುತ್ತವೆ, ಭಾಗವತರ ಹೆಸರೆತ್ತುವುದಿಲ್ಲ. ಡಿಎನ್‌ಎ ಎಂದರೆ ಅಳಿಸಲಾಗದ ಹಣೆಬರಹ ಎಂಬ ನಂಬಿಕೆ ಓದಿದವರಲ್ಲಿಯೂ ಬೇರೂರಿರುವುದಕ್ಕೆ ಈ ಮೌನವೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಜೀನು ಒಡೆದ ರೂಪದಲ್ಲಿರುತ್ತದೆ ಎಂಬುದನ್ನು 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. ನೆಗಡಿ ತರುವ ಅಡಿನೋವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಗಾಗಿ ಡಿಎನ್‌ಎಯಿಂದ ತೆಗೆದ ನಕಲನ್ನು, ಅದರದೇ ಡಿಎನ್‌ಎಗೆ ಜೋಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೊತೆಗಾರ ಸಿಗದ ಡಿಎನ್‌ಎ ಭಾಗಗಳು ಕುಣಿಕೆ ಕುಣಿಕೆಯಾಗಿ ಹೊರಗೆ ಬಾಗಿ ನಿಂತಿದ್ದವು. ಮರುವರ್ಷ ವಾಲ್ಟರ್ ಗಿಲ್ಬರ್ಟ್ ಆ ನಕಲಿನಲ್ಲಿ ಉಳಿಯುವ ತುಂಡುಗಳಿಗೆ ಎಕ್ಸಾನ್ ಎಂದೂ ಕತ್ತರಿಸಿ ಹೋಗುವ ತುಂಡುಗಳಿಗೆ ಇಂಟ್ರಾನ್ ಎಂದೂ ಹೆಸರಿಟ್ಟರು. ಶಾರ್ಪ್ ಮತ್ತು ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಈ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. ಯಾವ ಎಕ್ಸಾನ್ ಉಳಿಯಬೇಕೆಂದು ತೀರ್ಮಾನಿಸುವವುಗಳಲ್ಲಿ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು ಮುಖ್ಯವಾದವು, ಕೋಶದೊಳಗಿನ ಭಾಗವತರು ಅವೇ.

ಹೃದಯದಲ್ಲಿ ಈ ತೀರ್ಮಾನ ಎಷ್ಟು ದೊಡ್ಡದೆಂಬುದಕ್ಕೆ ಟೈಟಿನ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಮನುಷ್ಯನ ದೇಹದ ಅತಿ ದೊಡ್ಡ ಪ್ರೋಟೀನ್ ಅದು. ಅದರ ಜೀನಿನಲ್ಲಿ ಮುನ್ನೂರ ಅರುವತ್ತಕ್ಕೂ ಹೆಚ್ಚು ಎಕ್ಸಾನ್‌ಗಳಿವೆ, ಪೂರ್ಣ ಪಾಠದಂತೆ ತಯಾರಾದರೆ ಮೂವತ್ತೈದು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳು ಸಾಲುಗೂಡುತ್ತವೆ. ಸ್ನಾಯುವಿನ ಅತಿಚಿಕ್ಕ ಸಂಕೋಚನ ಘಟಕದ ಅಂಚಿನಿಂದ ನಡುವಿನವರೆಗೆ ಚಾಚಿಕೊಂಡು, ರಕ್ತ ತುಂಬಿ ಹಿಗ್ಗಿದ ಹೃದಯವನ್ನು ಮತ್ತೆ ಹದಕ್ಕೆ ಎಳೆಯುವ ಸ್ಪ್ರಿಂಗ್ ಅದೇ. ಭ್ರೂಣದ ಹೃದಯಕ್ಕೆ ಉದ್ದನೆಯ, ಸಡಿಲ ಸ್ಪ್ರಿಂಗ್ ಸಾಕು. ಹುಟ್ಟಿದ ಮೇಲೆ ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ಹೆಚ್ಚಿನ ಒತ್ತಡದಲ್ಲಿ ರಕ್ತವನ್ನು ದೂಡಬೇಕಾಗುವುದರಿಂದ ಗಿಡ್ಡನೆಯ, ಬಿಗಿಯಾದ ಸ್ಪ್ರಿಂಗ್ ಬೇಕಾಗುತ್ತದೆ. ಮಳೆಗಾಲದ ತಂಡಿಗೆ ಸಡಿಲಗೊಂಡ ಚೆಂಡೆಯ ಹಗ್ಗವನ್ನು ಬಿಗಿಯದೆ ನಾದ ಹೊರಡದು, ಹಾಗೆಯೇ ಇದು. ಚೆಂಡೆಯ ಹೋಲಿಕೆ ಒಪ್ಪಿಗೆಯಾಗದವರು ಹಳೆಯ ಲಂಗದ ಇಲಾಸ್ಟಿಕ್ ಅನ್ನು ನೆನೆಸಿಕೊಳ್ಳಬಹುದು: ಹಿಗ್ಗುತ್ತದೆ, ಆದರೆ ಹಿಂದಕ್ಕೆ ಬರುವ ಮನಸ್ಸು ಮಾಡುವುದಿಲ್ಲ.

ಈ ಬದಲಾವಣೆಗೆ ಜೀನು ಬದಲಾಗಬೇಕಾಗಿಲ್ಲ. ಆರ್‌ಬಿಎಂ20 ಎಂಬ ಪ್ರೋಟೀನ್ ಟೈಟಿನ್ ಆರ್‌ಎನ್‌ಎಯ ಇಂಟ್ರಾನ್‌ಗಳಲ್ಲಿ ಯುಸಿಯುಯು ಎಂಬ ನಾಲ್ಕಕ್ಷರದ ಗುರುತನ್ನು ಹುಡುಕಿ ಅಂಟಿಕೊಳ್ಳುತ್ತದೆ. ಕತ್ತರಿಸುವ ಯಂತ್ರ ಅಲ್ಲಿಯವರೆಗೆ ಬಂದರೂ ಮುಂದಿನ ಹಂತಕ್ಕೆ ಹೋಗಲಾಗದೆ ನಿಂತುಬಿಡುತ್ತದೆ. ಅದರಿಂದಾಗಿ ಸ್ಪ್ರಿಂಗ್ ಭಾಗದ ನೂರಕ್ಕೂ ಹೆಚ್ಚು ಎಕ್ಸಾನ್‌ಗಳು ಒಟ್ಟಾಗಿ ಹಾರಿಹೋಗಬಹುದು. ಅಂದರೆ ಇಲ್ಲಿ ಭಾಗವತರ ಮುಖ್ಯ ಕಸುಬು ಹಾಡುವುದಕ್ಕಿಂತ ಬಿಡುವುದೇ. ಬೆಳೆದ ಮನುಷ್ಯನ ಹೃದಯದಲ್ಲಿಯೂ ಗಿಡ್ಡ ಮತ್ತು ಉದ್ದ ಟೈಟಿನ್‌ಗಳೆರಡೂ ಇರುತ್ತವೆ, ಅವುಗಳ ಪ್ರಮಾಣದಲ್ಲಿಯೇ ಹೃದಯದ ಹದ ಅಡಗಿದೆ. ಈ ಪ್ರೋಟೀನಿಲ್ಲದ ಇಲಿಗಳಲ್ಲಿ ದೈತ್ಯಗಾತ್ರದ ಟೈಟಿನ್ ಉಳಿದುಕೊಳ್ಳುವುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಮನುಷ್ಯರ ಸಾಕ್ಷ್ಯ ಅದಕ್ಕಿಂತ ಮೊದಲೇ, 2009ರಲ್ಲಿ ಸಿಕ್ಕಿತ್ತು. ಹೃದಯ ಹಿಗ್ಗಿ ಬಲಗುಂದುವ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಕುಟುಂಬಗಳಲ್ಲಿ ಆರ್‌ಬಿಎಂ20 ಜೀನಿನ ದೋಷಗಳು ಪತ್ತೆಯಾದವು. ವಿಚಿತ್ರವೆಂದರೆ, 1,227 ಅಮೈನೊ ಆಮ್ಲಗಳ ಈ ಪ್ರೋಟೀನಿನಲ್ಲಿ 634ರಿಂದ 638ರವರೆಗಿನ ಐದೇ ಅಮೈನೊ ಆಮ್ಲಗಳ ಸಣ್ಣ ಪಟ್ಟಿಯೊಳಗೆ ದೋಷಗಳು ಗುಂಪುಗೂಡಿದ್ದವು. ಆ ಪಟ್ಟಿ ಕೋಶಕೇಂದ್ರದೊಳಗೆ ಪ್ರವೇಶಿಸಲು ಬೇಕಾದ ರಹದಾರಿ ಎಂಬುದು ಬಳಿಕ ತಿಳಿಯಿತು. ಅದು ಕೆಟ್ಟರೆ ಪ್ರೋಟೀನ್ ಹೊರಗಿನ ಕೋಶರಸದಲ್ಲಿಯೇ ಉಳಿದು ಹರಳುಗಟ್ಟಿದಂತೆ ಮುದ್ದೆಯಾಗುತ್ತದೆ. ಭಾಗವತರು ರಂಗಸ್ಥಳಕ್ಕೆ ಬಾರದೆ ಆಟ ಹಳ್ಳ ಹಿಡಿದದ್ದು ಒಂದು ತೊಂದರೆ, ಅವರು ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯ ಬಾಗಿಲಲ್ಲಿ ಕುಳಿತು ಬಂದುಹೋಗುವವರ ದಾರಿಗೆ ಅಡ್ಡಲಾದದ್ದು ಇನ್ನೊಂದು. ರೋಗ ಉಗ್ರವಾಗಲು ಎರಡನೆಯದೂ ಕಾರಣವೆಂಬುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಇದೇ ಪ್ರೋಟೀನ್ ಕ್ಯಾಲ್ಸಿಯಂ ನಿರ್ವಹಣೆಗೆ ಸಂಬಂಧಿಸಿದ ಜೀನುಗಳ ಆರ್‌ಎನ್‌ಎಯಲ್ಲಿಯೂ ಯಾವ ತುಂಡು ಉಳಿಯಬೇಕೆಂದು ನಿರ್ಧರಿಸುತ್ತದೆ. ಅಲ್ಲಿ ಎಡವಿದರೆ ಹೃದಯದ ಲಯ ತಪ್ಪುತ್ತದೆ, ಹಠಾತ್ ಸಾವಿನ ಅಪಾಯ ಹೆಚ್ಚುತ್ತದೆ. ಹೃದಯದಲ್ಲಿ ಇಂಥ ಭಾಗವತರು ಇನ್ನೂ ಹಲವರಿದ್ದಾರೆ. ಮಯೋಟಾನಿಕ್ ಡಿಸ್ಟ್ರೋಫಿ ಎಂಬ ಕಾಯಿಲೆಯಲ್ಲಿ ಸಿಯುಜಿ ಎಂಬ ಮೂರಕ್ಷರ ನೂರಾರು ಸಲ ಮರುಕಳಿಸುವ ಆರ್‌ಎನ್‌ಎ ಎಂಬಿಎನ್ಎಲ್1 ಎಂಬ ಪ್ರೋಟೀನನ್ನು ತನ್ನಲ್ಲಿಯೇ ಸೆರೆಹಿಡಿಯುತ್ತದೆ. ಆಗ ಬೆಳೆದ ಹೃದಯವು, ಸೋಡಿಯಂ ಅನ್ನು ಕೋಶದೊಳಗೆ ಬಿಡುವ ಸೋಡಿಯಂ ವಾಹಿನಿ ಎಂಬ ಪ್ರೋಟೀನಿನ ಭ್ರೂಣಕಾಲದ ಪಾಠವನ್ನೇ ಮತ್ತೆ ಹಾಡತೊಡಗುತ್ತದೆ.

ಒಂದೇ ಕುಟುಂಬದಲ್ಲಿ ಮೂವತ್ತು ನಲುವತ್ತರ ಪ್ರಾಯದವರು ಒಬ್ಬರ ಹಿಂದೊಬ್ಬರು ಕುಸಿದುಬಿದ್ದು ತೀರಿಕೊಂಡಾಗ ನಮ್ಮ ಉಡುಪಿ, ಮಂಗಳೂರಿನ ಕಡೆ ಮೊದಲು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡುತ್ತಾರೆ. ನಾಗದೋಷವೋ ಹಿರಿಯರ ಶಾಪವೋ ಹೊರಬೀಳುತ್ತದೆ, ಪರಿಹಾರಕ್ಕೆ ಸಾಲ ಮಾಡುತ್ತಾರೆ, ಉಳಿದ ಅಣ್ಣತಮ್ಮಂದಿರ ಇಸಿಜಿ ಮತ್ತು ಎಕೋ ಮಾಡಿಸುವ ಮಾತು ಮಾತ್ರ ಬರುವುದಿಲ್ಲ. ಯಾರ ನಂಬಿಕೆಯನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ, ಆದರೆ ಕಳೆದುಹೋಗುವ ಆ ತಿಂಗಳುಗಳ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. ಇನ್ನೊಂದು ತುದಿಯಲ್ಲಿ, ವರದಿಯಲ್ಲಿ ಜೀನಿನ ದೋಷವೆಂದು ಕಂಡೊಡನೆ ಬದುಕೇ ಮುಗಿಯಿತೆಂದು ಕುಗ್ಗುವವರಿದ್ದಾರೆ. ದಕ್ಷಿಣ ಏಷ್ಯಾದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರು ಎಂವೈಬಿಪಿಸಿ3 ಎಂಬ ಹೃದಯದ ಜೀನಿನ ಇಂಟ್ರಾನ್ ಒಂದರಲ್ಲಿ 25 ಅಕ್ಷರಗಳನ್ನು ಕಳೆದುಕೊಂಡಿದ್ದಾರೆ. ಸ್ಪ್ಲೈಸಿಂಗ್ ಯಂತ್ರಕ್ಕೆ ಬೇಕಾದ ಗುರುತು ಅಳಿಸಿ, ಪಕ್ಕದ ಎಕ್ಸಾನ್ ಬಿಟ್ಟುಹೋಗುತ್ತದೆ. ಅದು ಅಪಾಯವನ್ನು ಹೆಚ್ಚಿಸಬಲ್ಲದು ನಿಜ, ಆದರೂ ಅವರಲ್ಲಿ ಅನೇಕರು ರೋಗವಿಲ್ಲದೆಯೇ ಬಾಳುತ್ತಾರೆ.

2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರ್‌ಬಿಎಂ20 ದೋಷವಿದ್ದ ಇಲಿಮರಿಗಳ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರವನ್ನು ತಿದ್ದಲಾಯಿತು. ತಿದ್ದಿದ ಕೋಶಗಳಲ್ಲಿ ಪ್ರೋಟೀನ್ ಮತ್ತೆ ಕೋಶಕೇಂದ್ರದೊಳಗೆ ಸೇರಿತು, ಇಲಿಗಳ ಹೃದಯದ ಕೆಲಸ ಸುಧಾರಿಸಿತು, ಆಯುಸ್ಸೂ ಹೆಚ್ಚಿತು.