ಲೋ ಕೋತಿದಿಯಾನೋ: ಲ್ಯಾಟಿನೋ ಕ್ರೈಸ್ತರ ದೈವಶಾಸ್ತ್ರ ಎಲ್ಲಿಂದ ಶುರುವಾಗುತ್ತೆ

ಅಮೆರಿಕದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕ್ರೈಸ್ತರ ದೈವಶಾಸ್ತ್ರದ ಬಗ್ಗೆ ಏನೇ ಓದೋಕೆ ಕೂತ್ರೂ ಲೋ ಕೋತಿದಿಯಾನೋ ಅನ್ನೋ ಸ್ಪ್ಯಾನಿಷ್ ಮಾತು ಪದೇ ಪದೇ ಸಿಗುತ್ತೆ. ದಿನಾ ನಡೆಯೋ ಬದುಕು, ದಿನನಿತ್ಯದ್ದು ಅಂತ ಅರ್ಥ. ಇಷ್ಟೇನಾ ಅನ್ಸುತ್ತೆ ಮೊದಲಿಗೆ, ಆದ್ರೆ ಈ ಪದ ಬಳಸೋರು ಅದರ ಬೆನ್ನಿಗೇ ಒಂದು ಗಟ್ಟಿ ಪ್ರಶ್ನೆ ಇಟ್ಟಿರ್ತಾರೆ: ದೇವರ ಬಗ್ಗೆ ಮಾತಾಡೋವಾಗ ಯಾರ ಅನುಭವ ಲೆಕ್ಕಕ್ಕೆ ಬರಬೇಕು? ಪಾದ್ರಿಗಳನ್ನ ತಯಾರು ಮಾಡೋ ಸೆಮಿನರಿಯಲ್ಲಿ ಗ್ರೀಕ್, ಲ್ಯಾಟಿನ್ ಕಲಿತವರದ್ದು ಮಾತ್ರಾನಾ, ಇಲ್ಲ ರಾತ್ರಿಯೆಲ್ಲಾ ಯಾವುದೋ ಆಫೀಸಿನ ನೆಲ ಒರೆಸಿ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬಂದು ಮಕ್ಕಳನ್ನ ಸ್ಕೂಲಿಗೆ ರೆಡಿ ಮಾಡಿ ಆಮೇಲೆ ಮಲಗೋ ಹೆಂಗಸಿನ ಅನುಭವಾನೂ ಬರುತ್ತಾ? ಬರುತ್ತೆ, ಬರೋದೇನು ಶುರುವೇ ಅಲ್ಲಿಂದ ಆಗ್ಬೇಕು ಅನ್ನೋದು ಇವರ ವಾದ. ನನಗೂ ಹಾಗೇ ಅನ್ಸುತ್ತೆ, ಅದಕ್ಕೇ ಇದನ್ನ ಬರೀತಿದ್ದೀನಿ.

ಈ ಪದಕ್ಕೆ ಇಷ್ಟು ತೂಕ ತಂದುಕೊಟ್ಟವರಲ್ಲಿ ಮುಖ್ಯವಾದವರು ಆದಾ ಮರಿಯಾ ಇಸಾಸಿ-ದಿಯಾಸ್. 1943ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವರು, ಕ್ರಾಂತಿ ಆದ್ಮೇಲೆ 1960ರಲ್ಲಿ ನಿರಾಶ್ರಿತೆಯಾಗಿ ಅಮೆರಿಕಕ್ಕೆ ಬಂದು ಉರ್ಸುಲೈನ್ ಕನ್ಯಾಮಠ ಸೇರಿದ್ರು, ಅಲ್ಲಿಂದ ಪೆರುವಿನ ಲೀಮಾಗೆ ಹೋಗಿ 60ರ ದಶಕದ ಕೊನೆಯಲ್ಲಿ ಬಡವರ ನಡುವೆ ಕೆಲಸ ಮಾಡಿದ್ರು. ಆ ಕಾಲಾನೂ ಹಾಗಿತ್ತು ನೋಡಿ, 1968ರಲ್ಲಿ ಕೊಲಂಬಿಯಾದ ಮೆದೆಯಿನ್ ಊರಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್‌ಗಳೆಲ್ಲಾ ಸೇರಿ ಬಡತನ ಅನ್ನೋದು ದೇವರ ಇಚ್ಛೆ ಅಲ್ಲ, ಅನ್ಯಾಯದ ಫಲ ಅಂತ ಹೇಳಿದ್ರು, 1971ರಲ್ಲಿ ಪೆರುವಿನ ಫಾದರ್ ಗುಸ್ತಾವೊ ಗುತಿಯೆರೆಸ್ ವಿಮೋಚನಾ ದೈವಶಾಸ್ತ್ರದ, ಅಂದ್ರೆ ಬಡವರ ಬಿಡುಗಡೆಯ ಕಡೆಯಿಂದ ದೇವರ ಬಗ್ಗೆ ಯೋಚಿಸೋ ಧಾರೆಯ, ಮೂಲ ಪುಸ್ತಕ ಬರೆದ್ರು. ಇಸಾಸಿ-ದಿಯಾಸ್ ಆಮೇಲೆ ಮಠ ಬಿಟ್ರು, ನ್ಯೂಜೆರ್ಸಿಯ ಡ್ರೂ ಯೂನಿವರ್ಸಿಟಿಯಲ್ಲಿ ಬಹಳ ವರ್ಷ ಪಾಠ ಮಾಡಿದ್ರು, 2012ರಲ್ಲಿ ತೀರಿಕೊಂಡ್ರು. ತಮ್ಮ ದೈವಶಾಸ್ತ್ರಕ್ಕೆ ಮುಹೆರಿಸ್ತಾ ಅಂತ ಹೆಸರಿಟ್ರು. ಮುಹೆರ್ ಅಂದ್ರೆ ಹೆಂಗಸು. ಬಿಳಿ ಹೆಂಗಸರ ಫೆಮಿನಿಸಂನಲ್ಲಿ ಲ್ಯಾಟಿನಾಗಳಿಗೆ, ಅಂದ್ರೆ ಲ್ಯಾಟಿನೋ ಹೆಂಗಸರಿಗೆ, ಒಂದು ಮೂಲೆ ಕೊಟ್ಟು ಕೂರಿಸ್ತಾರೆ ಅನ್ನೋ ಬೇಜಾರು ಅದರ ಹಿಂದೆ ಇತ್ತು.

ಅವರು ಕೆಲಸ ಮಾಡ್ತಿದ್ದ ರೀತಿ ನನಗೆ ತುಂಬಾ ಇಷ್ಟ. ಹೆಂಗಸರ ಸಣ್ಣ ಸಣ್ಣ ಗುಂಪುಗಳ ಜೊತೆ ಕೂತು ಗಂಟೆಗಟ್ಟಲೆ ಮಾತಾಡಿಸೋರು, ಕಷ್ಟದ ಟೈಮಲ್ಲಿ ಏನ್ ಮಾಡ್ತೀರಾ, ದೇವರು ನಿಮಗೆ ಯಾರು, ಯಾವುದು ಸರಿ ಯಾವುದು ತಪ್ಪು ಅಂತ ಹೇಗೆ ತೀರ್ಮಾನ ಮಾಡ್ತೀರಾ ಅಂತ ಕೇಳೋರು, ಮತ್ತೆ ಅವರ ಉತ್ತರಗಳನ್ನ ಅವರ ಮಾತಲ್ಲೇ ಪುಸ್ತಕಕ್ಕೆ ಹಾಕೋರು, ಪೇಜುಗಟ್ಟಲೆ. ಈ ಹೆಂಗಸರನ್ನ ರಿಸರ್ಚಿನ ಸರಕು ಅಂತ ನೋಡಲಿಲ್ಲ, ಇವರೇ ದೈವಶಾಸ್ತ್ರಜ್ಞರು ಅಂದ್ರು. ಹೇಗಿದ್ದೀರಾ ಅಂತ ಕೇಳಿದ್ರೆ ಈ ಹೆಂಗಸರಲ್ಲಿ ಎಷ್ಟೋ ಜನ ಎನ್ ಲಾ ಲೂಚಾ ಅಂತಾರೆ, ಹೋರಾಟದಲ್ಲೇ ಇದ್ದೀನಿ ಅಂತ. ಬಾಡಿಗೆ, ಕಾಗದಪತ್ರ, ಗಂಡನ ಕುಡಿತ, ಅಮ್ಮನ ಕಾಯಿಲೆ ಎಲ್ಲಾ ಆ ಒಂದು ಉತ್ತರದಲ್ಲಿ ಬಂದುಹೋಗುತ್ತೆ. ಇಸಾಸಿ-ದಿಯಾಸ್ ಹೇಳೋದು ಏನಂದ್ರೆ ಇವತ್ತು ಮಕ್ಕಳಿಗೆ ಏನು ಬೇಯಿಸಲಿ, ಯಾವ ಬಿಲ್ ಈ ತಿಂಗಳು ಕಟ್ಟಲಿ ಯಾವುದನ್ನ ಮುಂದೂಡಲಿ ಅಂತ ಆ ಹೆಂಗಸು ಯೋಚನೆ ಮಾಡೋದ್ರಲ್ಲೇ ನ್ಯಾಯ, ಪ್ರೀತಿ, ಪಾಪ, ಭರವಸೆ ಇವೆಲ್ಲದರ ಬಗ್ಗೆ ಒಂದು ತಿಳುವಳಿಕೆ ಇದೆ, ಅವಳು ಯೋಚನೆ ಮಾಡದೆ ಬದುಕ್ತಿಲ್ಲ, ಆ ತಿಳುವಳಿಕೆಯನ್ನ ಯಾರೂ ಬರ್ಕೊಂಡಿಲ್ಲ ಅಷ್ಟೇ.

ಮನೆಯೊಳಗಿನ ಭಕ್ತಿಗೆ ಈ ದೈವಶಾಸ್ತ್ರಜ್ಞರು ಇಷ್ಟು ಮಹತ್ವ ಕೊಡೋದಕ್ಕೆ ಚರಿತ್ರೆಯ ಕಾರಣಾನೂ ಇದೆ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೋ ತನ್ನ ಉತ್ತರದ ಅರ್ಧ ನೆಲವನ್ನ ಅಮೆರಿಕಕ್ಕೆ ಬಿಟ್ಟುಕೊಡ್ತು. ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಕಡೆಯ ಮೆಕ್ಸಿಕನ್ನರು ಇದ್ದಲ್ಲೇ ಇದ್ದು ಬೇರೆ ದೇಶದವರಾದ್ರು, ಫ್ರಾನ್ಸಿನಿಂದ ಬಂದವರು, ಐರಿಷ್ ಮೂಲದವರು ಅವರಿಗೆ ಬಿಷಪ್‌ಗಳಾದ್ರು. ಒಬ್ಬ ಮೆಕ್ಸಿಕನ್ ಅಮೆರಿಕನ್ ವ್ಯಕ್ತಿ ಮೊದಲ ಸಲ ಬಿಷಪ್ ಆಗಿದ್ದು ಯಾವಾಗ ಗೊತ್ತಾ, 1970ರಲ್ಲಿ, ಸ್ಯಾನ್ ಆಂಟೋನಿಯೋದ ಪತ್ರಿಸಿಯೋ ಫ್ಲೋರೆಸ್. ನೂರಿಪ್ಪತ್ತು ವರ್ಷಕ್ಕಿಂತ ಜಾಸ್ತಿ! ನ್ಯೂಯಾರ್ಕಿನ ಎಷ್ಟೋ ಚರ್ಚುಗಳಲ್ಲಿ ಪೋರ್ಟೊ ರಿಕೋದಿಂದ ಬಂದವರ ಸ್ಪ್ಯಾನಿಷ್ ಪೂಜೆ ನಡೀತಿದ್ದಿದ್ದು ಬೇಸ್‌ಮೆಂಟಿನಲ್ಲಿ. ಇಷ್ಟು ಕಾಲ ಜಪಸರ ಕಲಿಸಿದ್ದು, ಸಂತರ ಕಥೆ ಹೇಳಿದ್ದು, ಸತ್ತವರಿಗೆ ಒಂಬತ್ತು ದಿನ ಪ್ರಾರ್ಥನೆ ನಡೆಸಿದ್ದು ಯಾರು ಅಂದ್ರೆ ಅಜ್ಜಿಯರು. ಅದಕ್ಕೇ ಈಗಿನ ಹುಡುಗರು ಅಬುಯೆಲಿತಾ ದೈವಶಾಸ್ತ್ರ, ಅಂದ್ರೆ ಅಜ್ಜಿಯ ದೈವಶಾಸ್ತ್ರ, ಅಂತ ಮಾತಾಡ್ತಾರೆ. ಅದು ಕೋತಿದಿಯಾನೋದ ಮೊಮ್ಮಗಳು ಅನ್ನಬಹುದು.

ಆ ಮನೆಗಳಲ್ಲಿ ಒಂದು ಮೂಲೇಲಿ ಆಲ್ತಾರ್ಸಿತೋ ಇರುತ್ತೆ, ಪುಟ್ಟ ಪೀಠ. ಡ್ರೆಸ್ಸಿಂಗ್ ಟೇಬಲ್ ಮೇಲೋ ಟೀವಿ ಪಕ್ಕದ ಶೆಲ್ಫಿನಲ್ಲೋ, ಮಧ್ಯದಲ್ಲಿ ಮೆಕ್ಸಿಕೋದವರ ಮರಿಯಮ್ಮ ಗ್ವಾದಲೂಪೆ ಮಾತೆಯ ಪಟ, ಉದ್ದನೆ ಗಾಜಿನ ಲೋಟದಲ್ಲಿ ಉರಿಯೋ ಮೇಣದಬತ್ತಿ, ಗರಿಗಳ ಭಾನುವಾರ ತಂದು ಒಣಗಿಹೋದ ಗರಿ, ತೀರಿಹೋದ ತಾತನ ಫೋಟೋ, ಮಿಲಿಟರಿಗೆ ಹೋಗಿರೋ ಮಗನ ಫೋಟೋ, ಪ್ಲಾಸ್ಟಿಕ್ ಹೂವು. ನಮ್ಮನೆಗಳ ದೇವರ ಗೂಡು ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಓದಿದ ಪಾದ್ರಿಗಳು ಇದನ್ನೆಲ್ಲಾ ತುಂಬಾ ಕಾಲ ಅರೆಬರೆ ಭಕ್ತಿ, ಮೂಢನಂಬಿಕೆ ಅಂತಾನೇ ನೋಡಿದ್ದು. ಕ್ಯೂಬಾ ಮೂಲದ ದೈವಶಾಸ್ತ್ರಜ್ಞ ಒರ್ಲಾಂದೋ ಎಸ್ಪಿನ್ ಇದಕ್ಕೆ ಕೊಟ್ಟ ಉತ್ತರ ಬಹಳ ಚೆನ್ನಾಗಿದೆ. ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಏನು ಹೇಳ್ತು, ಭಕ್ತರೆಲ್ಲಾ ಸೇರಿ ಒಂದೇ ಮನಸ್ಸಿಂದ ನಂಬಿದ್ದರಲ್ಲಿ ತಪ್ಪಿರೋಕೆ ಸಾಧ್ಯ ಇಲ್ಲ ಅಂತ. ಸರಿ, ಓದು ಬರಹ ಇಲ್ಲದ ಜನ ತಮ್ಮ ಆ ವಿಶ್ವಾಸವನ್ನ ಎಲ್ಲಿ ತೋರಿಸ್ತಾರೆ, ಈ ಪೀಠದಲ್ಲಿ, ಮೆರವಣಿಗೆಯಲ್ಲಿ, ಹರಕೆಯಲ್ಲಿ ತಾನೇ, ಹಾಗಾದ್ರೆ ಇವೂ ಧರ್ಮಸಭೆಯ ಪರಂಪರೆಯ ದಾಖಲೆಗಳೇ ಅಂದ್ರು ಎಸ್ಪಿನ್. ಚರ್ಚಿನ ಸ್ವಂತ ಮಾತನ್ನೇ ಹಿಡಿದು ಅಜ್ಜಿಯರ ಪರ ವಾದ ಮಾಡಿದ್ದು.

ಈಗ ಲಾಸ್ ಪೋಸಾದಾಸ್ ತಗೊಳ್ಳಿ, ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ನಡೆಯೋ ಆಚರಣೆ. ಮರಿಯಮ್ಮ, ಯೋಸೇಫ ಬೆತ್ಲೆಹೇಮಿನಲ್ಲಿ ತಂಗೋಕೆ ಜಾಗ ಹುಡುಕಿದ್ದನ್ನ ಬೀದಿಯಲ್ಲಿ ಆಡಿ ತೋರಿಸೋದು. ಒಂದು ಗುಂಪು ಬಾಗಿಲ ಹೊರಗೆ ಚಳಿಯಲ್ಲಿ ನಿಂತು ಹೆಂಡತಿಗೆ ನಡೆಯೋಕಾಗ್ತಿಲ್ಲ ಜಾಗ ಕೊಡಿ ಅಂತ ಹಾಡುತ್ತೆ, ಒಳಗಿರೋರು ಆಚೆ ಹೋಗಿ, ನೀವು ಕಳ್ಳರೋ ಏನೋ ಯಾರಿಗ್ಗೊತ್ತು ಅಂತ ತಿರುಗಿ ಹಾಡ್ತಾರೆ. ಹಾಡು ಹೀಗೇ ಹೊರಗೂ ಒಳಗೂ ಓಡಾಡಿ ಕೊನೆಗೆ ಬಂದಿರೋದು ಯಾರು ಅಂತ ಗೊತ್ತಾದಾಗ ಬಾಗಿಲು ತೆರೆಯುತ್ತೆ, ಎಲ್ಲರೂ ಒಳಗೆ ನುಗ್ತಾರೆ, ಜೋಳದ ಹಿಟ್ಟಿನ ತಮಾಲೆ, ಬಿಸಿ ಹಣ್ಣಿನ ಪಾನಕ ಪೋಂಚೆ, ಮಕ್ಕಳಿಗೆ ಕೋಲಿಂದ ಒಡೆದು ಮಿಠಾಯಿ ಬೀಳಿಸೋ ಪಿನ್ಯಾತಾ. ವೀಸಾ ಇಲ್ಲದೆ ಗಡಿ ದಾಟಿ ಬಂದವರು, ಬಾಡಿಗೆಗೆ ಮನೆ ಕೇಳಿ ಇಲ್ಲ ಅನ್ನಿಸಿಕೊಂಡವರು ಆ ಹೊರಗಿನ ಗುಂಪಲ್ಲಿ ನಿಂತು ಹಾಡೋವಾಗ ಅದು ನಾಟಕವಾಗಿ ಉಳಿಯುತ್ತಾ ಹೇಳಿ. ಸ್ಯಾನ್ ಡಿಯಾಗೋ ಮತ್ತೆ ತಿಹ್ವಾನಾ ನಡುವಿನ ಗಡಿಬೇಲಿ ಹತ್ರಾನೇ 90ರ ದಶಕದಿಂದ ಗಡಿಯಿಲ್ಲದ ಪೋಸಾದಾ ಅಂತ ಮಾಡ್ಕೊಂಡು ಬಂದಿದ್ದಾರೆ, ಬೇಲಿಯ ಆ ಕಡೆ ಒಂದಷ್ಟು ಜನ ಈ ಕಡೆ ಒಂದಷ್ಟು ಜನ ನಿಂತು ಅದೇ ಹಾಡು ಹಾಡ್ತಾರೆ, ಗಡಿ ದಾಟೋವಾಗ ಸತ್ತವರ ನೆನಪು ಮಾಡ್ಕೋತಾರೆ. ಬೈಬಲ್‌ನಲ್ಲಿ ಒಂದೇ ಸಾಲಲ್ಲಿ ಬರೋ, ಛತ್ರದಲ್ಲಿ ಜಾಗ ಇರಲಿಲ್ಲ ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೆ ವ್ಯಾಖ್ಯಾನ ನಾನಂತೂ ಓದಿಲ್ಲ.

ಬೈಬಲನ್ನ ಬದುಕಿನ ಕಡೆಯಿಂದ ಓದೋದು ಅಂದ್ರೆ ಹೀಗೇ. ಸ್ಯಾನ್ ಆಂಟೋನಿಯೋದ ಫಾದರ್ ವಿರ್ಹೀಲಿಯೋ ಎಲಿಸೊಂದೋ 80ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಹಿಡ್ಕೊಂಡ್ರು, ಯೇಸು ಗಲಿಲಾಯದವನು ಅಂತ ಸುವಾರ್ತೆಗಳು ಯಾಕೆ ಮತ್ತೆ ಮತ್ತೆ ಹೇಳುತ್ತವೆ? ಗಲಿಲಾಯ ಗಡಿನಾಡು, ಬೇರೆ ಬೇರೆ ಜನ ಬೆರೆತ ಜಾಗ, ಜೆರುಸಲೇಮಿನ ದೊಡ್ಡೋರಿಗೆ ಅದರ ಬಗ್ಗೆ ತಾತ್ಸಾರ. ಮತ್ತಾಯ 26:73ರಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನ ಜನ ಗುರುತು ಹಿಡಿಯೋದೇ ಅವನ ಮಾತಿನ ಧಾಟಿಯಿಂದ. ಆಕ್ಸೆಂಟ್ ಕೇಳಿದ ಕೂಡ್ಲೇ ನೀನು ಎಲ್ಲಿಯವನು ಅಂತ ಪ್ರಶ್ನೆ ಎದುರಿಸೋ ಟೆಕ್ಸಸ್‌ನ ಮೆಕ್ಸಿಕನ್ ಅಮೆರಿಕನ್ನರಿಗೆ ಆ ವಾಕ್ಯ ಎಷ್ಟು ಹತ್ತಿರದ್ದು ಅಂತ ಯೋಚನೆ ಮಾಡಿ. ಎಲಿಸೊಂದೋ ಇದರ ಜೊತೆ ಮೆಸ್ತಿಸಾಹೆ, ಅಂದ್ರೆ ರಕ್ತ ಸಂಸ್ಕೃತಿ ಎರಡೂ ಬೆರೆಯೋದು, ಅನ್ನೋ ವಿಚಾರಾನ ಬೆಳೆಸಿದ್ರು. ಅದರ ಬಗ್ಗೆ ಈಗ ತಕರಾರಿದೆ, ಎಲ್ಲರೂ ಬೆರೆತವರೇ ಅಂದುಬಿಟ್ರೆ ಕಪ್ಪು ಲ್ಯಾಟಿನೋಗಳು, ಮೂಲನಿವಾಸಿಗಳು ಕಣ್ಣಿಗೇ ಬೀಳಲ್ಲ ಅಂತ. ಆ ತಕರಾರು ನ್ಯಾಯವಾದದ್ದು ಅಂತಾನೇ ನನ್ನ ಅಭಿಪ್ರಾಯ.

ಲೋ ಕೋತಿದಿಯಾನೋ ಬಗ್ಗೆ ಒಂದು ತಪ್ಪು ತಿಳುವಳಿಕೆ ಓಡಾಡುತ್ತೆ, ಬಡವರ ಮುಗ್ಧ ಭಕ್ತಿಯನ್ನ ಹೊಗಳೋದು ಅಂತ. ಇಸಾಸಿ-ದಿಯಾಸ್ ಇದನ್ನ ಒಪ್ತಿರಲಿಲ್ಲ. ದಿನನಿತ್ಯದ ಬದುಕಲ್ಲಿ ಒಳ್ಳೇದೂ ಇದೆ, ಹೆಂಗಸನ್ನ ಕುಗ್ಗಿಸೋ ಮಚಿಸ್ಮೋ, ಅಂದ್ರೆ ಗಂಡಸಿನ ದರ್ಪ, ಕೂಡ ಇದೆ. ಮರಿಯಮ್ಮನ ಥರ ಸಹಿಸ್ಕೋ ಅಂತ ಹೊಡೆತ ತಿನ್ನೋ ಹೆಂಡತಿಗೆ ಹೇಳೋದೂ ಅದೇ ಅಡುಗೆಮನೆಯಲ್ಲಿ. ಹಾಗಾಗಿ ಯಾವುದು ಬದುಕನ್ನ ಬಿಡಿಸುತ್ತೆ ಯಾವುದು ಕಟ್ಟಿಹಾಕುತ್ತೆ ಅಂತ ಸೋಸಲೇಬೇಕು, ಆ ಸೋಸೋ ಕೆಲಸಾನ ಹೆಂಗಸರೇ ಸೇರಿ ಮಾಡಬೇಕು ಅನ್ನೋದು ಅವರ ನಿಲುವು. ದೈವಶಾಸ್ತ್ರಜ್ಞೆ ಮರಿಯಾ ಪಿಲಾರ್ ಅಕೀನೋ ಥರದವರು ಮುಹೆರಿಸ್ತಾ ಅನ್ನೋ ಹೆಸರನ್ನ ಒಪ್ಪಲಿಲ್ಲ, ಲ್ಯಾಟಿನ್ ಅಮೆರಿಕದಲ್ಲಿ ಫೆಮಿನಿಸಂಗೆ ತನ್ನದೇ ಚರಿತ್ರೆ ಇದೆ ಅದನ್ನ ಯಾಕೆ ಬಿಟ್ಟುಕೊಡಬೇಕು ಅಂದ್ರು, ಆದ್ರೆ ಕೋತಿದಿಯಾನೋ ಅನ್ನೋ ನೆಲೆಯನ್ನ ಅವರೂ ಬಿಡಲಿಲ್ಲ.

ಇಸಾಸಿ-ದಿಯಾಸ್ ಹೋಗ್ತಿದ್ದ ಚರ್ಚು ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿದ್ದ ದೇವದೂತರ ರಾಣಿ ಮಾತೆಯ ಚರ್ಚು, ಸ್ಪ್ಯಾನಿಷ್ ಮಾತಾಡೋ ಬಡ ಕುಟುಂಬಗಳೇ ಜಾಸ್ತಿ. 2007ರಲ್ಲಿ ಅಲ್ಲಿನ ಕ್ಯಾಥೊಲಿಕ್ ಆಡಳಿತವಾದ ಆರ್ಚ್‌ಡಯಾಸಿಸ್ ಅದನ್ನ ಮುಚ್ಚಿತು. ಒಳಗೆ ಕೂತು ಪ್ರತಿಭಟನೆ ಮಾಡಿದ ಹೆಂಗಸರನ್ನ ಪೊಲೀಸ್ರು ಅರೆಸ್ಟ್ ಮಾಡಿದ್ರು. ಆಮೇಲೆ ಏನಾಯ್ತು ಅಂದ್ರೆ ಆ ಹೆಂಗಸರು ಬೀಗ ಹಾಕಿದ ಬಾಗಿಲ ಮುಂದೆ ಫುಟ್‌ಪಾತ್ ಮೇಲೇ ಭಾನುವಾರದ ಪ್ರಾರ್ಥನೆ ಶುರುಮಾಡಿದ್ರು, ಪಾದ್ರಿ ಇಲ್ಲದೆ, ತಾವೇ ವಾಕ್ಯ ಓದಿ ತಾವೇ ಮಾತಾಡಿ, ಮಳೆ ಹಿಮ ಅಂತ ನೋಡದೆ ವರ್ಷಗಟ್ಟಲೆ ನಡೆಸಿದ್ರು.

ಇದೆಲ್ಲಾ ಕ್ಯಾಥೊಲಿಕರ ಮಾತಾಯ್ತು, ಆದ್ರೆ ಚಿತ್ರ ಬದಲಾಗ್ತಿದೆ. ಸಮೀಕ್ಷೆ ನಡೆಸೋ ಪ್ಯೂ ರಿಸರ್ಚ್ ಸಂಸ್ಥೆ ಪ್ರಕಾರ ಅಮೆರಿಕದ ಲ್ಯಾಟಿನೋ ವಯಸ್ಕರಲ್ಲಿ ಕ್ಯಾಥೊಲಿಕರು 2010ರಲ್ಲಿ 67% ಇದ್ದವರು 2022ರಲ್ಲಿ 43%ಗೆ ಇಳಿದಿದ್ದಾರೆ. ಒಂದಷ್ಟು ಜನ ಧರ್ಮಾನೇ ಬಿಟ್ಟಿದ್ದಾರೆ, ಒಂದಷ್ಟು ಜನ ಇವಾಂಜೆಲಿಕೋ, ಪೆಂಟೆಕೊಸ್ಟಲ್ ಅನ್ನೋ ಪ್ರಾಟೆಸ್ಟೆಂಟ್ ಸಭೆಗಳಲ್ಲಿದ್ದಾರೆ. ಅಲ್ಲಿ ಪಟ ಇಲ್ಲ ಮೇಣದಬತ್ತಿ ಇಲ್ಲ, ಪೋಸಾದಾನೂ ಇಲ್ಲ. ಅಂಗಡಿ ಮಳಿಗೆ ಬಾಡಿಗೆಗೆ ತಗೊಂಡು ನಡೆಸೋ ಆ ಸಣ್ಣ ಸಭೆಗಳಲ್ಲಿ ತೆಸ್ತಿಮೋನಿಯೋ ಅಂತ ಒಂದಿದೆ, ಸಾಕ್ಷಿ ಹೇಳೋದು. ಯಾರಾದ್ರೂ ಎದ್ದು ನಿಂತು ಈ ವಾರ ಕೆಲಸ ಹೋಯ್ತು, ಮಗ ಜೈಲಿಂದ ಬಂದ, ಡಾಕ್ಟರ್ ಹಿಂಗಂದ್ರು, ಅದರಲ್ಲಿ ದೇವರು ನನ್ನ ಹೀಗೆ ನಡೆಸಿದ ಅಂತ ಹೇಳ್ತಾರೆ, ಮಧ್ಯೆ ಮಧ್ಯೆ ಉಳಿದವರು ಆಮೆನ್, ಗ್ಲೋರಿಯಾ ಅಂತಾರೆ. ಪ್ರಾಟೆಸ್ಟೆಂಟ್ ಲ್ಯಾಟಿನಾ ದೈವಶಾಸ್ತ್ರಜ್ಞೆಯರು, ಎಲಿಸಬೆತ್ ಕೊಂದೆ-ಫ್ರೇಜಿಯರ್, ಲೋಯ್ದಾ ಮಾರ್ತೆಲ್ ಥರದವರು, ಕೋತಿದಿಯಾನೋವನ್ನ ಅಲ್ಲಿಂದ ಓದ್ತಾರೆ, ಪವಿತ್ರಾತ್ಮದ ಕೆಲಸ ಅನ್ನೋ ಭಾಷೇಲಿ.

ಹಿಂದೂಸ್ತಾನದ ಕಡೆ ಇದಕ್ಕೆ ಬಂಧು ಹುಡುಕಿದ್ರೆ ದಲಿತ ದೈವಶಾಸ್ತ್ರ ಸಿಗುತ್ತೆ, ಅದರ ಮೊದಲ ಹೆಜ್ಜೆ ಬಿದ್ದಿದ್ದು ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ, 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಲ್ಲಿ. ಭಾರತದ ಕ್ರೈಸ್ತ ದೈವಶಾಸ್ತ್ರ ಅಲ್ಲಿವರೆಗೆ ಹೆಚ್ಚಾಗಿ ವೇದಾಂತದ ಜೊತೆ ಮಾತಾಡ್ತಿತ್ತು, ಚರ್ಚಿನಲ್ಲಿ ಕೂತಿದ್ದ ಬಹುಪಾಲು ಜನ ಮಾತ್ರ ದಲಿತರು, ಅವರ ನೋವು ಯಾವ ಪುಸ್ತಕದಲ್ಲೂ ಇರಲಿಲ್ಲ. ಇಸಾಸಿ-ದಿಯಾಸ್ ಅವರನ್ನ ಓದೋ ಕನ್ನಡಿಗರು ನಿರ್ಮಲ್ ಅವರನ್ನೂ ಜೊತೆಗಿಟ್ಟು ಓದಬೇಕು ಅಂತ ನನ್ನಾಸೆ.