ಹದಿನಾರು ಗಂಟೆಯ ಚಕ್ರಬಡ್ಡಿ

ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲ ಸ್ವಾಮಿ, ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ. ಮಗನನ್ನು ನೋಡೋಕೆ ದುಬೈ, ಫ್ರಾಂಕ್‌ಫರ್ಟ್ ಅಂತ ಇಳಿದು ಹತ್ತಬೇಕು. ಟ್ಯಾಂಕ್ ಸ್ವಲ್ಪ ದೊಡ್ಡದು ಮಾಡಿ ದಿನಾ ನೇರವಾಗಿ ಬಿಡೋಕೆ ಇವರಿಗೇನು ಕಷ್ಟ?"

ವಿಮಾನ ಕಂಪನಿಗಳಿಗೆ ಮನಸ್ಸಿಲ್ಲ, ಅಷ್ಟೇ ಎಂಬ ಈ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಪ್ರಯಾಣಿಕರಿಗೆ ಬರವಿಲ್ಲ, ನಿಜ. ತೊಡಕಿರುವುದು ಆ 'ಟ್ಯಾಂಕ್ ಸ್ವಲ್ಪ ದೊಡ್ಡದು ಮಾಡಿ' ಎಂಬಲ್ಲಿ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ಮಾರ್ಗ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳೆಯರದ್ದೇ ತಂಡ ಉತ್ತರ ಧ್ರುವ ಪ್ರದೇಶವನ್ನು ದಾಟಿ ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿದ್ದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. ಆದರೂ ಆ ಸೇವೆ ಒಂದೇ ಸಮನೆ ನಡೆಯಲಿಲ್ಲ. ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅಂದು ಹಾರಿದ್ದು ಬೋಯಿಂಗ್ 777-200 ಎಲ್‌ಆರ್. ಇದೇ ಜಾತಿಯ ವಿಮಾನ 2005ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹೊರಟು, ಎಲ್ಲೂ ಇಳಿಯದೆ 21,600 ಕಿಲೋಮೀಟರ್ ಹಾರಿ, 22 ಗಂಟೆ 42 ನಿಮಿಷಕ್ಕೆ ಲಂಡನ್ ಮುಟ್ಟಿತ್ತು. ಅಂದಮೇಲೆ ದೂರ ಹಾರುವುದು ಸಾಧ್ಯವಿದೆ. ಆದರೆ ಅಂದು ಒಳಗಿದ್ದವರು ಬರೀ 35 ಮಂದಿ.

ಯಾಕೆ ಹಾಗೆ? ಅಡಿಕೆ ಹೇರಿಕೊಂಡು ದೂರದ ಪೇಟೆಗೆ ಹೊರಟ ಎತ್ತಿನ ಗಾಡಿಯನ್ನು ನೆನೆಸಿಕೊಳ್ಳಿ. ದಾರಿಯಲ್ಲಿ ಎಲ್ಲೂ ಹುಲ್ಲು ಸಿಗುವುದಿಲ್ಲ, ಎತ್ತಿನ ಮೇವನ್ನೂ ಗಾಡಿಯಲ್ಲೇ ಒಯ್ಯಬೇಕು. ಮೇವು ಹೇರಿದಷ್ಟೂ ಗಾಡಿ ಭಾರ. ಭಾರ ಎಳೆದಷ್ಟೂ ಎತ್ತಿಗೆ ಹಸಿವು. ಆ ಹಸಿವಿಗೆ ಮತ್ತಷ್ಟು ಮೇವು. ದಾರಿ ಉದ್ದವಾದ ಹಾಗೆಲ್ಲ ಅಡಿಕೆ ಮೂಟೆ ಒಂದೊಂದಾಗಿ ಕೆಳಗಿಳಿದು ಹುಲ್ಲಿನ ಕಂತೆ ಮೇಲೇರುತ್ತದೆ.

ಇದಕ್ಕಿಂತ ನಿಖರವಾದ ಹೋಲಿಕೆ ಚಕ್ರಬಡ್ಡಿ. ದೊಡ್ಡ ಜೆಟ್ ವಿಮಾನ ಎತ್ತರದಲ್ಲಿ ಹಾರುವಾಗ ಗಂಟೆಗೆ ತನ್ನ ಆ ಹೊತ್ತಿನ ತೂಕದ ಶೇ 2.5ರಿಂದ 3ರಷ್ಟು ಇಂಧನ ಸುಡುತ್ತದೆ. ಶೇ 3 ಎಂದೇ ಇಟ್ಟುಕೊಂಡು ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿ. ಇಳಿಯುವಾಗ 200 ಟನ್ ತೂಗುವ ವಿಮಾನ ಅದಕ್ಕೆ ಒಂದು ಗಂಟೆ ಮುಂಚೆ 206 ಟನ್ ಇರಬೇಕು, ಎರಡು ಗಂಟೆ ಮುಂಚೆ 212ಕ್ಕೂ ಮಿಕ್ಕಿ. ಹೀಗೆ ಹದಿನಾರು ಗಂಟೆ ಹಿಂದಕ್ಕೆ ಹೋದರೆ ಸುಮಾರು 321 ಟನ್. ಅಂದರೆ 121 ಟನ್ ಇಂಧನ. ಅದೇ ವಿಮಾನ ನಡುದಾರಿಯಲ್ಲಿ ಇಳಿದು ತುಂಬಿಸಿಕೊಂಡರೆ ಎಂಟೆಂಟು ಗಂಟೆಗೆ 53 ಟನ್‌ನಂತೆ 107 ಟನ್ ಸಾಕು. ಉಳಿದ 14 ಟನ್ ಸುಟ್ಟದ್ದು ಇಂಧನವನ್ನು ಹೊರುವುದಕ್ಕೆ! ನಡುವೆ ಇಳಿದು ಮತ್ತೆ ಏರುವ ಖರ್ಚು ಇದರಲ್ಲಿ ಸ್ವಲ್ಪ ತಿನ್ನುತ್ತದೆ, ಆದರೂ ಬಡ್ಡಿ ಬಡ್ಡಿಯೇ. ನಿಮ್ಮ 23 ಕಿಲೋ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ ತುಂಬಿದ್ದೀರಲ್ಲ, ಅದನ್ನು ಆಚೆ ದಡ ಸೇರಿಸಲು 14 ಕಿಲೋ ಇಂಧನ ಬೇಕು. ಈ ಲೆಕ್ಕದ ಸೂತ್ರಕ್ಕೆ ಫ್ರಾನ್ಸಿನ ವಿಮಾನ ತಯಾರಕ ಲೂಯಿ ಬ್ರೆಗೆ ಅವರ ಹೆಸರಿದೆ.

1943ರಲ್ಲಿ ಈ ಬಡ್ಡಿ ಎಷ್ಟು ದುಬಾರಿಯಾಗಿತ್ತು ನೋಡಿ. ಯುದ್ಧದಿಂದ ದಾರಿ ಕಡಿದುಹೋಗಿದ್ದಾಗ ಕ್ವಾಂಟಾಸ್ ಕಂಪನಿ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಕೆರೆಗೆ ಕ್ಯಾಟಲೀನಾ ಎಂಬ, ನೀರಿನ ಮೇಲೆ ಇಳಿಯುವ ವಿಮಾನ ಓಡಿಸಿತು. ಹಾರಾಟ 27ರಿಂದ 33 ಗಂಟೆ. ಹತ್ತಿದವರಿಗೆ ಒಂದೇ ಪಯಣದಲ್ಲಿ ಎರಡು ಸೂರ್ಯೋದಯ. ಇಂಧನ ತುಂಬಿದ ಮೇಲೆ ಉಳಿದ ಜಾಗಕ್ಕೆ ಹಿಡಿದದ್ದು ಮೂವರು ಪ್ರಯಾಣಿಕರು ಮತ್ತು 69 ಕಿಲೋ ಟಪಾಲು.

ನಮ್ಮ ಹಿರಿಯರು ಇನ್ನೊಂದು ಮಾತೂ ಹೇಳಿದರು. ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹಾರಿದರೆ ಊರೇ ಎದುರು ಬಂದು ಬೇಗ ಮುಟ್ಟಬೇಕಲ್ಲ ಎಂದು. ವಾಟ್ಸ್‌ಆ್ಯಪ್‌ನಲ್ಲಿ ಇದು ವಿಜ್ಞಾನದ ವೇಷ ಹಾಕಿ ಸುತ್ತುತ್ತಿರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ. ಓಡುವ ರೈಲಿನಲ್ಲಿ ನಿಂತಲ್ಲೇ ಎಗರಿದವನು ಹಿಂದಿನ ಬೋಗಿಯಲ್ಲಿ ಬೀಳುವುದಿಲ್ಲ.

ವಾಸ್ತವ ಇದಕ್ಕೆ ತಿರುಗುಮುರುಗು. ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆಯಿದೆ. 1920ರ ದಶಕದಲ್ಲಿ ಜಪಾನಿನ ವಾಸಾಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಕಂಡುಕೊಂಡರು. ಲೋಕವೆಲ್ಲ ಓದಲಿ ಎಂದು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದು ಪ್ರಕಟಿಸಿದರು, ಓದಿದವರೇ ಕಡಿಮೆ. 1944ರಲ್ಲಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳ ಪೈಲಟ್‌ಗಳು ಜಪಾನಿನ ಮೇಲೆ ಅದೇ ಗಾಳಿಗೆ ಸಿಕ್ಕಿ ತತ್ತರಿಸಿದರು. ಎಂಟು ವರ್ಷದ ಬಳಿಕ ಪ್ಯಾನ್ ಆ್ಯಮ್ ಕಂಪನಿ ಬೇಕೆಂದೇ ಆ ಹೊಳೆಗೆ ಇಳಿದು, ಟೋಕಿಯೊದಿಂದ ಹೊನೊಲುಲುಗೆ ಹಿಡಿಯುತ್ತಿದ್ದ 18 ಗಂಟೆಯನ್ನು 11.5ಕ್ಕೆ ಇಳಿಸಿತು. ಬೆಂಗಳೂರಿನಿಂದ ಪೆಸಿಫಿಕ್ ಮೇಲೆ ಹೋಗುವ ವಿಮಾನಕ್ಕೆ ಈ ಗಾಳಿ ಬೆನ್ನಿಗೆ ಸಿಗುತ್ತದೆ. ಅದೇ ದಾರಿಯಲ್ಲಿ ವಾಪಸು ಬರುವಾಗ ಎದೆಗೆ. ಎದುರುಗಾಳಿ ಒಂದು ಗಂಟೆ ತಡ ಮಾಡಿತೆಂದರೆ ಚಕ್ರಬಡ್ಡಿಗೆ ಇನ್ನೊಂದು ಕಂತು ಸೇರಿದಂತೆ.

ಜೊತೆಗೆ ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ, ಅದೂ ಮಧ್ಯಾಹ್ನದ ಬಿಸಿಲಲ್ಲಿ, ತುಂಬಿದ ವಿಮಾನ ಏಳುವುದು ಕಷ್ಟ.

ಹಾಗಾದರೆ ಬಿಡಬೇಕೋ ಬೇಡವೋ? ಸಿಂಗಾಪುರ ಏರ್‌ಲೈನ್ಸ್ 2004ರಲ್ಲಿ ನಾಲ್ಕು ಎಂಜಿನ್ನಿನ ಏರ್‌ಬಸ್ ಎ340-500ರಲ್ಲಿ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ಗೆ ನೇರವಾಗಿ ಹಾರಿತು. ಇಂಧನದ ಖರ್ಚು ತಾಳಲಾರದೆ 2013ರಲ್ಲಿ ನಿಲ್ಲಿಸಿತು. 2018ರಲ್ಲಿ ಎರಡೇ ಎಂಜಿನ್ನಿನ, ಹಗುರ ಮೈಯ ಎ350 ಸಿಕ್ಕ ಮೇಲೆ ಮತ್ತೆ ಶುರುಮಾಡಿತು. ಅದರಲ್ಲಿದ್ದದ್ದು 161 ಸೀಟು, ಒಂದೂ ಎಕಾನಮಿ ಇಲ್ಲ. ಸಿಡ್ನಿಯಿಂದ ಲಂಡನ್‌ಗೆ ನೇರವಾಗಿ ಹಾರಲು ಕ್ವಾಂಟಾಸ್ ತರಿಸುತ್ತಿರುವ ಎ350-1000ರಲ್ಲಿ 238 ಸೀಟು. ಬೇರೆ ಅನೇಕ ಕಂಪನಿಗಳು ಅದೇ ವಿಮಾನದಲ್ಲಿ 300ಕ್ಕೂ ಹೆಚ್ಚು ಹಾಕುತ್ತವೆ.

ಬೆಂಗಳೂರಿಗೆ ಈ ನೇರ ಮಾರ್ಗ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಮಂಡಿನೋವಿನ ತಂದೆತಾಯಿ ನಡುರಾತ್ರಿ ಗೊತ್ತಿಲ್ಲದ ನಿಲ್ದಾಣದಲ್ಲಿ ಗೇಟು ಹುಡುಕುತ್ತ ಅಲೆಯುವುದು ತಪ್ಪಬೇಕು. ಆದರೆ ದಿನಾ ಬೇಡ, ವಾರಕ್ಕೆ ಮೂರು ಸಾಕು. ಎರಡು ಎಂಜಿನ್ನಿನ ಹಗುರ ವಿಮಾನ ಬೇಕು, ತಂಪು ಹೊತ್ತಿನಲ್ಲಿ ಹೊರಡಬೇಕು, ಸೀಟು ಕಡಿಮೆ ಇರಬೇಕು. ಟಿಕೆಟ್ಟು ದುಬೈ ಮೇಲಿನದಕ್ಕಿಂತ ದುಬಾರಿಯಾಗಲೇಬೇಕು. ಇಷ್ಟಕ್ಕೆ ಒಪ್ಪದ ಕಂಪನಿ ಬರೀ ಹೆಮ್ಮೆಗೆಂದು ಆರಂಭಿಸಿ ಎರಡು ವರ್ಷಕ್ಕೆ ನಿಲ್ಲಿಸುವುದಕ್ಕಿಂತ, ಆರಂಭಿಸದೆ ಇರುವುದೇ ಮೇಲು. ಹಿರಿಯರಿಗೂ ಇದನ್ನೇ ಹೇಳಿದೆ. ಪಾಯಸ ಮುಗಿಸಿ ಅವರು ಕೇಳಿದ್ದು ಒಂದೇ: ಎಷ್ಟು ಜಾಸ್ತಿ ಆಗಬಹುದು?