ಮಷಿನ್ ಸುಮ್ಮನಿದ್ದರೆ ನೆಲ ಖಾಲಿ ಎಂದಲ್ಲ

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ರಸ್ತೆ ಅಗೆಯುವ ಮುಂಚೆ ನೆಲದೊಳಗಿನ ಪೈಪು, ಕೇಬಲ್ ಗುರುತಿಸಿ ಕೊಡುವುದು ನನ್ನ ಕೆಲಸ. ಲೊಕೇಟರ್ ಹಿಡಿದು ನಡೆಯುವಾಗ ಜೆಸಿಬಿ ಆಪರೇಟರುಗಳು ಕೇಳುವುದು ಒಂದೇ ಮಾತು: "ಮಷಿನ್ ಸಪ್ಪಳ ಮಾಡವಲ್ದು, ಬಕೆಟ್ ಇಳಸ್ಲೇನ್ರಿ ಸರ?" ಬ್ಯಾಡ ಅನ್ನುತ್ತೇನೆ. ಸಪ್ಪಳ ಇಲ್ಲದ್ದಕ್ಕೆ ಹತ್ತು ಕಾರಣ ಇರಬಹುದು, ನೆಲ ಖಾಲಿ ಇರುವುದು ಅವುಗಳಲ್ಲಿ ಒಂದು ಮಾತ್ರ.

ಲೊಕೇಟರಿಗೆ ಪೈಪು ಕಾಣುವುದಿಲ್ಲ, ಕೇಬಲ್ಲೂ ಕಾಣುವುದಿಲ್ಲ. ಲೋಹದಲ್ಲಿ ಎಸಿ ಕರೆಂಟು ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಉಪಕರಣದೊಳಗಿನ ಆಂಟೆನಾ ಸುರುಳಿಗಳು ಹಿಡಿಯುವುದು ಅದನ್ನೇ. 'ಪವರ್' ಮೋಡಿನಲ್ಲಿಟ್ಟರೆ ನಮ್ಮ 50 ಹರ್ಟ್ಸ್ ಸರಬರಾಜಿನ ಕರೆಂಟನ್ನು ಹುಡುಕುತ್ತದೆ. ಆದರೆ ಬೀದಿದೀಪದ ಕೇಬಲ್ಲಿನಲ್ಲಿ ಹಗಲು ಹೊತ್ತು ಕರೆಂಟು ಹರಿಯುವುದಿಲ್ಲ, ಅದು ಸಿಗುವುದಿಲ್ಲ. ಲೋಡು ಇಲ್ಲದ ಕೇಬಲ್ಲಿನಲ್ಲಿ ವೋಲ್ಟೇಜ್ ಪೂರ್ತಿ ಇದ್ದರೂ ಮಷಿನ್ ಸುಮ್ಮನಿರುತ್ತದೆ. ಇದಕ್ಕಿಂತ ಅಪಾಯದ್ದು 11 ಕೆವಿ ಕೇಬಲ್. ಮೂರು ಫೇಸಿನ ಲೋಡು ಸಮನಾಗಿದ್ದರೆ ಒಂದರ ಕ್ಷೇತ್ರವನ್ನು ಇನ್ನೆರಡು ಹೊಡೆದುಹಾಕುತ್ತವೆ. ಊರಿಗೆಲ್ಲ ಕರೆಂಟು ಕೊಡುವ ಕೇಬಲ್ಲೇ ಎಲ್ಲಕ್ಕಿಂತ ಕಡಿಮೆ ಸದ್ದು ಮಾಡಬಹುದು! ಸುರಕ್ಷತೆಗೆಂದು ಲೈನ್ ಕ್ಲಿಯರ್ ತಗೊಂಡು, ಅಂದರೆ ಕರೆಂಟು ತೆಗೆಸಿ, ಆಮೇಲೆ ಪವರ್ ಮೋಡಿನಲ್ಲಿ ಹುಡುಕಾಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಲೈನ್ ಕ್ಲಿಯರ್ ಬೇಕು, ಆದರೆ ಈ ಮೋಡಿನ ಹುಡುಕಾಟ ಅದಕ್ಕೂ ಮುಂಚೆ ಮುಗಿದಿರಬೇಕು.

ಹಾಗಾಗಿ ನಾವೇ ಲೈನಿಗೆ ಸಿಗ್ನಲ್ ತುಂಬಬೇಕು. ಅದಕ್ಕೆ ಟ್ರಾನ್ಸ್‌ಮಿಟರ್ ಇದೆ. ಹಳೆಯ ಬೀಡುಕಬ್ಬಿಣದ ನೀರಿನ ಪೈಪಾದರೆ ವಾಲ್ವ್ ಚೇಂಬರಿಗೆ ಇಳಿದು, ವಾಲ್ವಿನ ಬೋಲ್ಟಿನ ಮೇಲಿನ ತುಕ್ಕು, ಬಣ್ಣ ಎರಡನ್ನೂ ಅರದಿಂದ ಉಜ್ಜಿ ಲೋಹ ಹೊಳೆದ ಮೇಲೆ ಕೆಂಪು ಕ್ಲಿಪ್ ಕಚ್ಚಿಸುತ್ತೇವೆ. ಕಪ್ಪು ತಂತಿಯನ್ನು ಪೈಪಿನ ಸಾಲಿಗೆ ಅಡ್ಡಲಾಗಿ ದೂರ ಎಳೆದು ಅರ್ಥ್ ಸಲಾಕೆಗೆ ಕಟ್ಟಬೇಕು. ತಂತಿ ಇನ್ನೊಂದು ಪೈಪಿನ ಮೇಲೆ ಹಾದುಹೋದರೆ ಸಿಗ್ನಲ್ ಅದಕ್ಕೂ ಅಂಟಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಎರೆ ನೆಲ ಬಿರುಕು ಬಿಟ್ಟಿರುತ್ತದೆ, ಸಲಾಕೆ ಹೊಡೆದರೂ ಸುತ್ತ ಗಾಳಿಯೇ. ಆಗ ಟ್ರಾನ್ಸ್‌ಮಿಟರಿನ ಪರದೆಯಲ್ಲಿ ಕರೆಂಟು ಏಳುವುದೇ ಇಲ್ಲ. ಒಂದು ಕೊಡ ನೀರು ಸುರಿದು ಮಣ್ಣಿಗೆ ಇಂಗಲು ಬಿಟ್ಟು ನೋಡಿ, ಮಿಲಿಆಂಪ್ ಅಂಕಿ ಏರುತ್ತದೆ. ಜೀವಂತ ವಿದ್ಯುತ್ ಕೇಬಲ್ಲಿಗೆ ಮಾತ್ರ ಕ್ಲಿಪ್ ಹಾಕುವ ಮಾತೇ ಇಲ್ಲ. ಅದಕ್ಕೆ ಸುತ್ತ ಹಿಡಿಯುವ ಸಿಗ್ನಲ್ ಕ್ಲ್ಯಾಂಪ್ ಇದೆ.

ಯಾವ ಫ್ರೀಕ್ವೆನ್ಸಿ ಇಡಬೇಕು ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಐನೂರು ಹರ್ಟ್ಸ್ ಸುಮಾರಿನದು ದೂರ ಹೋಗುತ್ತದೆ, ಪಕ್ಕದ ಲೈನಿಗೆ ಜಿಗಿಯುವುದು ಕಡಿಮೆ. 8, 33, 65 ಕಿಲೋಹರ್ಟ್ಸ್ ಹೀಗೆ ಏರಿಸಿದಷ್ಟೂ ಸಿಗ್ನಲ್ ಸುಲಭವಾಗಿ ಹತ್ತುತ್ತದೆ, ಅಷ್ಟೇ ಸುಲಭವಾಗಿ ಪಕ್ಕಕ್ಕೂ ಹಾರುತ್ತದೆ. ಹಾಗೆಂದು ಕಡಿಮೆಯದನ್ನೇ ನೆಚ್ಚಿಕೊಳ್ಳಲು ಬರುವುದಿಲ್ಲ. ಸೀಸದ ಜಾಯಿಂಟಿನ ಹಳೆಯ ಪೈಪು ಅದನ್ನು ಚೆನ್ನಾಗಿ ಒಯ್ಯುತ್ತದೆ. ಈಗಿನ ಡಿಐ (ಡಕ್ಟೈಲ್ ಕಬ್ಬಿಣ) ಪೈಪುಗಳ ನಡುವೆ ರಬ್ಬರ್ ರಿಂಗ್ ಇರುತ್ತದೆ, ಅದು ಕರೆಂಟನ್ನು ತಡೆಯುತ್ತದೆ. ಎರಡು ಜಾಯಿಂಟು ದಾಟುವಷ್ಟರಲ್ಲಿ ಸಿಗ್ನಲ್ ಸತ್ತಿತು ಎಂದರೆ ಪೈಪು ಅಲ್ಲಿಗೆ ಮುಗಿಯಿತು ಎಂದು ಬರೆದುಕೊಳ್ಳಬೇಡಿ, 65ಕ್ಕೆ ಏರಿಸಿ ಮತ್ತೆ ನಡೆಯಿರಿ.

ಸಿಕ್ಕ ಮೇಲೂ ಅವಸರ ಬೇಡ. 'ಪೀಕ್' ಮೋಡಿನಲ್ಲಿ ಲೈನಿನ ನೆತ್ತಿಯ ಮೇಲೆ ಸದ್ದು ಅತಿ ಹೆಚ್ಚು, 'ನಲ್' ಮೋಡಿನಲ್ಲಿ ಅಲ್ಲೇ ಅತಿ ಕಡಿಮೆ. ಎರಡೂ ಒಂದೇ ಜಾಗ ತೋರಿಸಿದರೆ ನಂಬಬಹುದು. ಗೇಣಿನಷ್ಟು ಸರಿದರೂ ಪಕ್ಕದಲ್ಲಿ ಇನ್ನೊಂದು ಲೈನು ಇದೆ, ಆಳದ ಅಂಕಿ ನಂಬಬಾರದು. ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ: ಲೊಕೇಟರನ್ನು ನೆಲದಿಂದ 30 ಸೆಂ.ಮೀ. ಎತ್ತಿದರೆ ಆಳವೂ 30 ಸೆಂ.ಮೀ. ಹೆಚ್ಚಾಗಬೇಕು. ಮಷಿನ್ ತೋರಿಸುವುದು ಪೈಪಿನ ನಡುಮಧ್ಯದ ಆಳ, ಮೇಲ್ಮೈಯದಲ್ಲ. 300 ಮಿ.ಮೀ. ಪೈಪಿಗೆ 90 ಸೆಂ.ಮೀ. ತೋರಿಸಿದರೆ ಹಾರೆ 75ಕ್ಕೇ ಬಡಿಯುತ್ತದೆ. ಗುರುತಿನ ಎರಡೂ ಬದಿ ಅರ್ಧ ಮೀಟರ್ ಜೆಸಿಬಿ ಬರಕೂಡದು, ಸಲಿಕೆಯಲ್ಲಿ ಟ್ರಯಲ್ ಪಿಟ್ ತೆಗೆದು ಕಣ್ಣಾರೆ ನೋಡಬೇಕು. ನಿಯಮದ ಪ್ರಕಾರ 11 ಕೆವಿ ಕೇಬಲ್ 90 ಸೆಂ.ಮೀ. ಕೆಳಗಿರಬೇಕು. ರಸ್ತೆ ಕೆತ್ತಿ ಕೆತ್ತಿ ಮಟ್ಟ ಇಳಿದ ಕಡೆ ಮೊಣಕಾಲುದ್ದಕ್ಕೇ ಸಿಗುತ್ತದೆ.

ಎಚ್‌ಡಿಪಿಇ, ಪಿವಿಸಿಯಂಥ ಪ್ಲಾಸ್ಟಿಕ್ ಪೈಪುಗಳಿಗೆ ಇದ್ಯಾವುದೂ ನಡೆಯುವುದಿಲ್ಲ. ಡಕ್ಟಿನೊಳಗಿನ ಬರೀ ಗಾಜಿನ ಫೈಬರಿಗೂ ಅಷ್ಟೇ. "ರಾಡಾರ್ ತರಿಸಿ ಸರ್" ಎನ್ನುತ್ತಾರೆ. ಜಿಪಿಆರ್, ಅಂದರೆ ನೆಲದೊಳಗೆ ರೇಡಿಯೋ ಅಲೆ ಬಿಟ್ಟು ನೋಡುವ ಆ ರಾಡಾರ್, ಒಳ್ಳೆಯ ಉಪಕರಣವೇ, ಕೊಪ್ಪಳದ ಕಡೆಯ ಒಣ ಕೆಂಪು ಮಣ್ಣಿನಲ್ಲಿ, ಬಳ್ಳಾರಿ ಗುಡ್ಡದ ಬುಡದ ಗರಸಿನಲ್ಲಿ ಪ್ಲಾಸ್ಟಿಕ್ ಪೈಪನ್ನೂ ತೋರಿಸುತ್ತದೆ. ಎರೆ ಮಣ್ಣಿಗೆ ಬಂದರೆ ಜೇಡಿ ಅದರ ಅಲೆಗಳನ್ನು ನುಂಗಿಬಿಡುತ್ತದೆ. ತುಂಗಭದ್ರಾ ಕಾಲುವೆ ಬಯಲಿನ ಸವಳು ಭೂಮಿಯಲ್ಲಿ ಒಂದು ಮೀಟರ್ ಕೆಳಗೆ ಏನೂ ಕಾಣದು. ಬಾಡಿಗೆ ಕೊಡುವವರು ಈ ಮಾತನ್ನು ಮೊದಲೇ ಹೇಳಬೇಕು.

ಅಂಥಲ್ಲಿ ನಾನು ನಿವೃತ್ತ ವಾಲ್ವ್‌ಮನ್ ಹುಡುಕಿಕೊಂಡು ಹೋಗುತ್ತೇನೆ. "ಆ ಬೇವಿನ ಗಿಡದ ಬುಡಕ್ಕ ಒಂದು ವಾಲ್ ಐತ್ರಿ, ಡಾಂಬರ್ ಹಾಕಿ ಮುಚ್ಚ್ಯಾರ" ಎನ್ನುವ ಮಾತಿನಿಂದ ಒಂದು ಬೀದಿಯ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಇದೆ. ಅಗೆಯುವ ಜಾಗ ನಮೂದಿಸಿದರೆ ಅಲ್ಲಿ ಕೇಬಲ್, ಪೈಪು ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ವರ್ಷಕ್ಕೆ ಸುಮಾರು 10 ಲಕ್ಷ ಸಲ ಆಪ್ಟಿಕಲ್ ಫೈಬರ್ ತುಂಡಾಗಿ 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂದು ಸರ್ಕಾರವೇ ಆಗ ಹೇಳಿತ್ತು.

ಈಗ ಹಳ್ಳಿಹಳ್ಳಿಗೆ ಪ್ಲಾಸ್ಟಿಕ್ ಪೈಪು ಹೂಳುತ್ತಿರುವ ಗುತ್ತಿಗೆದಾರರಲ್ಲಿ, ಇಂಜಿನಿಯರುಗಳಲ್ಲಿ ನನ್ನದೊಂದು ಬಿನ್ನಹ. ಮುಂದೆ ಸಿಗ್ನಲ್ ತುಂಬಿ ಪೈಪನ್ನು ಹುಡುಕಲು ಬರುವಂತೆ, ಪೈಪಿನ ಜೊತೆಗೇ ಹೊದಿಕೆಯಿರುವ ಒಂದೆಳೆ ತಾಮ್ರದ ತಂತಿ ಹಾಕಿ, ಎಲ್ಲೂ ತುಂಡಾಗದಂತೆ ನೋಡಿಕೊಂಡು, ಎರಡೂ ತುದಿಗಳನ್ನು ವಾಲ್ವ್ ಚೇಂಬರಿನೊಳಗೆ ಮೊಳದುದ್ದ ಸುತ್ತಿ ಬಿಡಿ. ತುದಿಗೆ ಟೇಪು ಸುತ್ತಿ ಚೇಂಬರ್ ಮುಚ್ಚಳ ಭದ್ರ ಮಾಡಿ, ಇಲ್ಲದಿದ್ದರೆ ತಾಮ್ರ ಗುಜರಿ ಸೇರುತ್ತದೆ. ಮಣ್ಣು ಮುಚ್ಚುವ ಮುಂಚೆ ಮಲ್ಟಿಮೀಟರ್ ಇಟ್ಟು ಒಂದು ತುದಿಯಿಂದ ಇನ್ನೊಂದಕ್ಕೆ ತಂತಿ ಕೂಡಿದೆಯೇ ಎಂದು ನೋಡಿ ಅಳತೆ ಪುಸ್ತಕದಲ್ಲಿ ಬರೆಸಿ.